ಅರಿಸಿನದ ಡಬ್ಬಿ ಶಾಲೆಗೆ ಹೊರಟಿತು

"ಅಮ್ಮಾ, ನಾಳೆ ಸ್ಕೂಲಿಗೆ ಒಂದು ಪೊಟ್ಟಣ ಅರಿಸಿನ, ಒಂದು ನಿಂಬೆಹಣ್ಣು, ಒಂದು ಆಲೂಗಡ್ಡೆ, ಒಂದು ಟಾರ್ಚ್ ಸೆಲ್ಲು ತಗೊಂಡು ಹೋಗ್ಬೇಕು. ಟೀಚರ್ ಹೇಳಿದಾರೆ."

ಸಂಜೆ ಆರು ಗಂಟೆ. ಒಂದು ಒಲೆಯ ಮೇಲೆ ಸಾರು ಕುದಿಯುತ್ತಿದೆ, ಇನ್ನೊಂದರ ಮೇಲೆ ಹಾಲು ಉಕ್ಕುವ ಹೊತ್ತು. ಬಾಗಿಲಲ್ಲಿ ಹೂವಿನವಳು ಕೂಗುತ್ತಿದ್ದಾಳೆ. ಇಂಥ ಸಮಯ ನೋಡಿಕೊಂಡೇ ಮಗು ಬಂದು ಸೆರಗು ಹಿಡಿದು ಹೀಗೆ ಕೇಳಿದರೆ ನಿಮ್ಮ ಬಾಯಿಂದ ಏನು ಬರುತ್ತದೆ? ನಿಜ ಹೇಳಿ ಸೋದರಿಯರೇ. "ನಿಮ್ಮ ಸ್ಕೂಲಲ್ಲಿ ಪಾಠ ಮಾಡ್ತಾರೋ ಅಡುಗೆ ಮಾಡ್ತಾರೋ?" ಎಂದು ತಾನೇ?

ನಾನೂ ಹಾಗೇ ಅಂದೆ. ಅಂದದ್ದಷ್ಟೇ ಅಲ್ಲ, ಆ ಸಂಜೆ ಇನ್ನೂ ಒಂದು ತಪ್ಪು ಮಾಡಿದೆ. ಅದೇನೆಂದು ಸ್ವಲ್ಪ ಹೊತ್ತಿನ ನಂತರ ಹೇಳುತ್ತೇನೆ. ಈಗ ಮೊದಲು ಆ ಅರಿಸಿನದ ಪೊಟ್ಟಣದ ಕಥೆ ಕೇಳಿ.

ಈಗ ಎಷ್ಟೋ ಪ್ರಾಥಮಿಕ ಶಾಲೆಗಳಲ್ಲಿ ವಿಜ್ಞಾನವನ್ನು, ಅಂದರೆ ಚಿಕ್ಕ ಮಕ್ಕಳ 'ಪರಿಸರ ಅಧ್ಯಯನ'ವನ್ನು, ಕೈಯಿಂದ ಮಾಡಿಸಿ ಕಲಿಸಲು ಟೀಚರುಗಳು ಪ್ರಯತ್ನ ಪಡುತ್ತಿದ್ದಾರೆ. ಪುಸ್ತಕ ಓದಿಸಿ, ಬೋರ್ಡಿನ ಮೇಲೆ ಬರೆದು, "ಹತ್ತು ಸಲ ಬರ್ಕೊಂಡ್ ಬಾ" ಎನ್ನುವ ಬದಲು ಮಕ್ಕಳ ಕೈಗೇ ಸಾಮಾನು ಕೊಟ್ಟು "ನೀನೇ ಮಾಡಿ ನೋಡು, ಏನಾಯಿತು ಹೇಳು" ಎನ್ನುತ್ತಾರೆ. ಆ ಸಾಮಾನೆಲ್ಲ ಬರುವುದು ಎಲ್ಲಿಂದ? ನಮ್ಮ ಅಡುಗೆಮನೆಯಿಂದ. ಹಾಗಾಗಿ ಈ ವಿಷಯ ಗೃಹಿಣಿಯರಾದ ನಮಗೆ ಸೇರಿದ್ದೇ.

ಹೋಳಿಗೆ ಕಲಿತದ್ದು ಹೇಗೆ?

"ಪರೀಕ್ಷೆಯಲ್ಲಿ ಬರೋದು ಪುಸ್ತಕದಲ್ಲಿರೋದು ತಾನೆ? ಈ ಆಟ ಎಲ್ಲ ಯಾಕೆ?" ಎಂದು ಕೇಳುವ ತಾಯಂದಿರು ಬಹಳ. ಅವರಿಗೆ ನನ್ನದೊಂದು ಮರುಪ್ರಶ್ನೆ. ನೀವು ಹೋಳಿಗೆ ಮಾಡುವುದನ್ನು ಹೇಗೆ ಕಲಿತಿರಿ? ಪುಸ್ತಕ ಬಾಯಿಪಾಠ ಮಾಡಿಯೇ? ಕಣಕ ನಾದಿ, ಅದು ಗಟ್ಟಿಯಾಗಿ, ಹೂರಣ ತೆಳ್ಳಗಾಗಿ, ತಟ್ಟುವಾಗ ಹರಿದು, ಹಂಚಿಗೆ ಅಂಟಿ, ಅತ್ತೆಯವರಿಂದ ಒಂದು ಮಾತು ಅನ್ನಿಸಿಕೊಂಡು, ಮುಂದಿನ ಹಬ್ಬಕ್ಕೆ ಮತ್ತೆ ಮಾಡಿ ಅಲ್ಲವೇ ಕಲಿತದ್ದು? ಬೆಲ್ಲದ ಪಾಕ ಒಂದೆಳೆ ಬಂತೋ ಇಲ್ಲವೋ ಎಂದು ಹೇಳುವುದು ಕಣ್ಣಲ್ಲ, ಬೆರಳು. ಹದ ಎನ್ನುವುದು ಕೈಗೆ ತಿಳಿಯುವ ವಿದ್ಯೆ.

ವಿಜ್ಞಾನವೂ ಹಾಗೇ. "ಉಪ್ಪುನೀರಿಗೆ ಸಾಂದ್ರತೆ ಹೆಚ್ಚು" ಎಂದು ನೂರು ಸಲ ಬರೆದ ಮಗು ಪರೀಕ್ಷೆ ಮುಗಿದ ಮೇಲೆ ಅದನ್ನು ಮರೆಯುತ್ತದೆ. ಮುಳುಗಿದ್ದ ಆಲೂಗಡ್ಡೆ ಉಪ್ಪು ಹಾಕುತ್ತಾ ಹೋದಂತೆ ತಾನಾಗಿ ಮೇಲೆದ್ದು ಬಂದದ್ದನ್ನು ಕಣ್ಣಾರೆ ನೋಡಿದ ಮಗು ಮರೆಯುವುದಿಲ್ಲ.

ಹದಿನಾರು ಶಾಲೆಗಳಿಂದ ಶುರುವಾದ ಕೆಲಸ

ಇದೇನು ನಿನ್ನೆ ಮೊನ್ನೆ ಹುಟ್ಟಿದ ಹೊಸ ಫ್ಯಾಷನ್ ಎಂದುಕೊಳ್ಳಬೇಡಿ. 1972ರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯ 16 ಸರ್ಕಾರಿ ಶಾಲೆಗಳಲ್ಲಿ ಇಂಥ ಕಲಿಕೆ ಶುರುವಾಯಿತು. ಆ ಜಿಲ್ಲೆಗೆ ಈಗ ನರ್ಮದಾಪುರಂ ಎಂದು ಹೆಸರು. ಕಿಶೋರ್ ಭಾರತಿ, ಫ್ರೆಂಡ್ಸ್ ರೂರಲ್ ಸೆಂಟರ್ ಎಂಬ ಎರಡು ಸಂಸ್ಥೆಗಳು ಸೇರಿ ಆರನೆಯ ತರಗತಿಯಿಂದ ಎಂಟನೆಯ ತರಗತಿಯವರೆಗಿನ ಹಳ್ಳಿ ಮಕ್ಕಳಿಗೆ ಪ್ರಯೋಗದ ಮೂಲಕವೇ ವಿಜ್ಞಾನ ಕಲಿಸಲು ಹೊರಟವು. ದೆಹಲಿ ವಿಶ್ವವಿದ್ಯಾಲಯದವರು, ಮುಂಬಯಿಯ ಟಾಟಾ ಸಂಸ್ಥೆಯ ವಿಜ್ಞಾನಿಗಳು ಹಳ್ಳಿಗೆ ಬಂದು ಮೇಷ್ಟ್ರುಗಳ ಜೊತೆ ಕೂತರು. 1978ರಲ್ಲಿ ಅದು ಇಡೀ ಜಿಲ್ಲೆಗೆ ಹರಡಿತು. 1982ರಲ್ಲಿ 'ಏಕಲವ್ಯ' ಎಂಬ ಸಂಸ್ಥೆ ಹುಟ್ಟಿ ಅದರ ಹೊಣೆ ಹೊತ್ತಿತು.

ಅಲ್ಲಿನ ಮಕ್ಕಳ ಪುಸ್ತಕದ ಹೆಸರು 'ಬಾಲ್ ವೈಜ್ಞಾನಿಕ್', ಅಂದರೆ ಪುಟ್ಟ ವಿಜ್ಞಾನಿ. ಆ ಪುಸ್ತಕದಲ್ಲಿ ಉತ್ತರಕ್ಕಿಂತ ಪ್ರಶ್ನೆಯೇ ಜಾಸ್ತಿ. ಪರೀಕ್ಷೆಗೆ ಪುಸ್ತಕ ತೆಗೆದುಕೊಂಡು ಹೋಗಬಹುದಿತ್ತು! ಏಕೆಂದರೆ ಕೇಳುತ್ತಿದ್ದದ್ದು ಬಾಯಿಪಾಠದ ಪ್ರಶ್ನೆಯಲ್ಲ, ಯೋಚಿಸುವ ಪ್ರಶ್ನೆ. ಜೊತೆಗೆ ಕೈಯಿಂದ ಪ್ರಯೋಗ ಮಾಡಿ ತೋರಿಸಬೇಕಿತ್ತು. ಮೂವತ್ತು ವರ್ಷ ನಡೆದ ಮೇಲೆ 2002ರಲ್ಲಿ ಸರ್ಕಾರ ಅದನ್ನು ನಿಲ್ಲಿಸಿತು. ಆದರೆ ಅಲ್ಲಿ ಬಿತ್ತಿದ ಬೀಜ ದೇಶದ ಬೇರೆ ಬೇರೆ ಕಡೆ ಮೊಳಕೆಯೊಡೆಯಿತು.

ಅಲ್ಲಿಗೆ 1970ರ ದಶಕದ ಕೊನೆಯಲ್ಲಿ ಬಂದ ಒಬ್ಬ ಎಂಜಿನಿಯರ್ ಅರವಿಂದ ಗುಪ್ತಾ. ಕಾನ್ಪುರದ ಐಐಟಿಯಲ್ಲಿ ಓದಿ, ಲಾರಿ ತಯಾರಿಸುವ ಕಂಪನಿಯಲ್ಲಿ ಕೆಲಸದಲ್ಲಿದ್ದವರು. ವಾರದ ಸಂತೆಯಲ್ಲಿ ಸಿಗುವ ಸಾಮಾನಿನಿಂದಲೇ ಮಕ್ಕಳಿಗೆ ಏನು ಮಾಡಿಕೊಡಬಹುದು ಎಂದು ಹುಡುಕಿದರು. ಸೈಕಲ್ ವಾಲ್ವ್ ಟ್ಯೂಬಿನ ಚಿಕ್ಕ ಚಿಕ್ಕ ತುಂಡಿಗೆ ಬೆಂಕಿಕಡ್ಡಿ ಸಿಕ್ಕಿಸಿ ತ್ರಿಕೋನ, ಚೌಕ, ಮನೆ ಎಲ್ಲ ಮಾಡಿಸಿದರು. ನೀವೂ ಮಾಡಿ ನೋಡಿ, ಮದ್ದು ಕೆರೆದು ತೆಗೆದ ಕಡ್ಡಿಯಾಗಬೇಕು ಅಷ್ಟೆ. ನಾಲ್ಕು ಕಡ್ಡಿಯ ಚೌಕವನ್ನು ಒತ್ತಿದರೆ ಸೊಟ್ಟಗಾಗುತ್ತದೆ. ಮೂರು ಕಡ್ಡಿಯ ತ್ರಿಕೋನ ಎಷ್ಟು ಒತ್ತಿದರೂ ಜಗ್ಗುವುದಿಲ್ಲ. ಹೆಂಚಿನ ಮನೆಯ ಸೂರಿನಲ್ಲಿ, ಕಬ್ಬಿಣದ ಸೇತುವೆಯಲ್ಲಿ ತ್ರಿಕೋನಗಳೇ ಯಾಕೆ ಕಾಣುತ್ತವೆ ಎಂದು ಮಗುವಿಗೆ ಆಗ ಯಾರೂ ಹೇಳಿಕೊಡಬೇಕಾಗಿಲ್ಲ. ಕಸದಿಂದ ಆಟಿಕೆ ಮಾಡುವುದನ್ನು ಜೀವಮಾನದ ಕೆಲಸ ಮಾಡಿಕೊಂಡ ಅವರಿಗೆ 2018ರಲ್ಲಿ ಪದ್ಮಶ್ರೀ ಬಂತು.

ನಮ್ಮ ಕರ್ನಾಟಕವೂ ಹಿಂದೆ ಬಿದ್ದಿಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಶಾಲೆಗಳಲ್ಲಿ 'ನಲಿಕಲಿ' ಶುರುವಾಯಿತಲ್ಲ, ನೆನಪಿದೆಯೇ? ಇಲ್ಲಿನ ಶಿಕ್ಷಕರು ಆಂಧ್ರದ ಋಷಿವ್ಯಾಲಿಗೆ ಹೋಗಿ, ಅಲ್ಲಿನ ಹಳ್ಳಿ ಶಾಲೆಗಳನ್ನು ನೋಡಿ ಬಂದು, ನಮ್ಮ ಮಕ್ಕಳಿಗೆ ಹೊಂದುವ ಹಾಗೆ ಕಾರ್ಡು, ಆಟ, ಹಾಡು ಎಲ್ಲ ಸೇರಿಸಿ ಅದನ್ನು ಕಟ್ಟಿದರು. 1980ರಲ್ಲಿ ಹುಟ್ಟಿದ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು 'ಬಾಲವಿಜ್ಞಾನ'ವೆಂಬ ಮಾಸಪತ್ರಿಕೆಯ ಮೂಲಕ ಕನ್ನಡದಲ್ಲೇ ಮಕ್ಕಳಿಗೆ ವಿಜ್ಞಾನ ತಲುಪಿಸುವ ಕೆಲಸ ಮಾಡಿದೆ.

ಈಗ ಸೆರಗು ಸಿಕ್ಕಿಸಿಕೊಳ್ಳಿ. ನಮ್ಮ ಪತ್ರಿಕೆಯಲ್ಲಿ ಅಡುಗೆ ಹೇಳಿಕೊಡುವ ಕ್ರಮದಲ್ಲೇ ನಾಲ್ಕು ಪ್ರಯೋಗ ಹೇಳುತ್ತೇನೆ. ಖರ್ಚು ಹೆಚ್ಚಿಲ್ಲ. ಒಂದು ಮಾತು ಮಾತ್ರ ಮರೆಯಬೇಡಿ: ಮಾಡುವ ಮೊದಲು ಮಗುವನ್ನು "ಏನಾಗಬಹುದು ಹೇಳು ನೋಡೋಣ" ಎಂದು ಕೇಳಿ. ತಪ್ಪು ಹೇಳಿದರೂ ಪರವಾಗಿಲ್ಲ.

1. ಅರಿಸಿನದ ಕಾಗದ

ಬೇಕಾಗುವ ಸಾಮಾನು: ಅರಿಸಿನದ ಪುಡಿ 1 ಚಮಚ, ನೀರು 3 ಚಮಚ, ಗೀಟಿಲ್ಲದ ಬಿಳಿ ಕಾಗದ, ಸೋಪಿನ ನೀರು, ಅಡುಗೆ ಸೋಡದ ನೀರು, ನಿಂಬೆರಸ, ಹುಣಸೆ ನೀರು, ಸಕ್ಕರೆ ನೀರು.

ಮಾಡುವ ವಿಧಾನ: ಅರಿಸಿನವನ್ನು ನೀರಿನಲ್ಲಿ ಕಲಸಿ ಕಾಗದಕ್ಕೆ ತೆಳ್ಳಗೆ ಬಳಿದು ನೆರಳಲ್ಲಿ ಒಣಗಿಸಿ. ಬೆರಳಗಲದ ಪಟ್ಟಿಗಳಾಗಿ ಕತ್ತರಿಸಿ. ಒಂದೊಂದು ಪಟ್ಟಿಯ ಮೇಲೆ ಒಂದೊಂದು ನೀರಿನ ಹನಿ ಬಿಡಿ. ಸೋಪಿನ ನೀರು ಬಿದ್ದಲ್ಲಿ ಕೆಂಪು! ಸೋಡದ ನೀರಿನಲ್ಲಿ ಕೊಂಚ ಮಂದವಾಗಿ ಕೆಂಪು. ನಿಂಬೆ, ಹುಣಸೆ, ಸಕ್ಕರೆಗೆ ಏನೂ ಆಗುವುದಿಲ್ಲ. ಈಗ ಆ ಕೆಂಪು ಕಲೆಯ ಮೇಲೆ ನಿಂಬೆರಸ ಹಾಕಿ. ಮತ್ತೆ ಹಳದಿ!

ಯಾಕೆ ಹೀಗೆ? ಅರಿಸಿನಕ್ಕೆ ಬಣ್ಣ ಕೊಡುವ ವಸ್ತುವಿಗೆ ಕುರ್ಕುಮಿನ್ ಎಂದು ಹೆಸರು. ಸೋಪು, ಸುಣ್ಣ, ಸೋಡದಂಥ ಕ್ಷಾರ ತಗುಲಿದರೆ ಅದು ಕೆಂಪಾಗುತ್ತದೆ. ಹುಳಿ, ಅಂದರೆ ಆಮ್ಲ, ಹಾಕಿದರೆ ಮೊದಲಿನ ಹಾಗೆ ಹಳದಿಗೆ ತಿರುಗುತ್ತದೆ.

ಓದುತ್ತಾ ಓದುತ್ತಾ ನಿಮಗೆ ಏನೋ ನೆನಪಾಗುತ್ತಿದೆ ಅಲ್ಲವೇ? ಆರತಿ ತಟ್ಟೆ! ಅರಿಸಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿ ಕೆಂಪು ಓಕುಳಿ ಮಾಡುತ್ತಿದ್ದ ನಮ್ಮ ಅಜ್ಜಿಯಂದಿರು ಮಾಡುತ್ತಿದ್ದದ್ದು ಇದೇ ಪ್ರಯೋಗ. ಬಿಳಿ ಅಂಗಿಯ ಮೇಲೆ ಸಾರಿನ ಕಲೆಗೆ ಸೋಪು ಹಚ್ಚಿದಾಗ ಕೆಂಪಾಗಿ ನಾವು ಗಾಬರಿಯಾಗುವುದೂ ಇದರಿಂದಲೇ. (ಮಕ್ಕಳಿಗೆ ಸೋಪಿನ ನೀರೇ ಸಾಕು. ಸುಣ್ಣ ಕಣ್ಣಿಗೆ ಬಿದ್ದರೆ ಬಹಳ ಅಪಾಯ, ಅದನ್ನು ದೊಡ್ಡವರೇ ಮುಟ್ಟಬೇಕು.)

ಜಾಣ ಮಗುವಾದರೆ ಇಲ್ಲಿ ಒಂದು ಪ್ರಶ್ನೆ ಕೇಳುತ್ತದೆ: "ಸಕ್ಕರೆ ನೀರಿಗೂ ಬಣ್ಣ ಬದಲಾಗಲಿಲ್ಲ, ನಿಂಬೆರಸಕ್ಕೂ ಬದಲಾಗಲಿಲ್ಲ. ಹಾಗಾದ್ರೆ ಎರಡೂ ಒಂದೇನಾ?" ಒಳ್ಳೆಯ ಪ್ರಶ್ನೆ. ಅದಕ್ಕೆ ಹಿತ್ತಲಿನ ಕೆಂಪು ದಾಸವಾಳ ಬೇಕು. ನಾಲ್ಕು ಹೂವಿನ ಎಸಳನ್ನು ಬಿಸಿನೀರಿನಲ್ಲಿ ನೆನೆಸಿ, ಆ ನೀರನ್ನು ಮೂರು ಬಟ್ಟಲಿಗೆ ಹಾಕಿ. ನಿಂಬೆರಸ ಬಿದ್ದದ್ದು ಹೊಳೆಯುವ ಕೆಂಪಾಗುತ್ತದೆ, ಸೋಪಿನ ನೀರು ಬಿದ್ದದ್ದು ಹಸಿರು ಕಡೆಗೆ ತಿರುಗುತ್ತದೆ, ಸಕ್ಕರೆ ನೀರು ಬಿದ್ದದ್ದು ಇದ್ದ ಹಾಗೇ ಇರುತ್ತದೆ. ಅರಿಸಿನಕ್ಕೆ ತಿಳಿಯದ್ದು ದಾಸವಾಳಕ್ಕೆ ತಿಳಿಯಿತು!

2. ಮುಳುಗಿದ ಆಲೂಗಡ್ಡೆ ತೇಲಿಸುವುದು

ಬೇಕಾಗುವ ಸಾಮಾನು: ಗಾಜಿನ ಲೋಟ, ಮುಕ್ಕಾಲು ಲೋಟ ನೀರು, ಒಂದು ಸಣ್ಣ ಆಲೂಗಡ್ಡೆ ಅಥವಾ ಅದರ ಹೋಳು, ಪುಡಿ ಉಪ್ಪು.

ಮಾಡುವ ವಿಧಾನ: ಆಲೂಗಡ್ಡೆಯನ್ನು ನೀರಿಗೆ ಬಿಡಿ. ಮುಳುಗುತ್ತದೆ. ಒಂದೊಂದೇ ಚಮಚ ಉಪ್ಪು ಹಾಕಿ ಕದಡುತ್ತಾ ಹೋಗಿ. ಎಷ್ಟನೆಯ ಚಮಚಕ್ಕೆ ಅದು ಮೇಲೇಳುತ್ತದೆ ಎಂದು ಮಗು ಎಣಿಸಲಿ, ಬರೆದಿಡಲಿ. ಆಮೇಲೆ ಎರಡರಷ್ಟು ನೀರಿಗೆ ಎಷ್ಟು ಚಮಚ ಬೇಕಾದೀತು ಎಂದು ಊಹಿಸಲಿ. ಲೆಕ್ಕದ ಪಾಠವೂ ಆಯಿತಲ್ಲ!

ಯಾಕೆ ಹೀಗೆ? ಉಪ್ಪು ಕರಗಿದಷ್ಟೂ ನೀರು ಭಾರವಾಗುತ್ತದೆ. ಆಲೂಗಡ್ಡೆಯಷ್ಟೇ ಗಾತ್ರದ ಉಪ್ಪುನೀರು ಆಲೂಗಡ್ಡೆಗಿಂತ ಭಾರವಾದ ಕೂಡಲೇ ಅದನ್ನು ಮೇಲಕ್ಕೆ ಎತ್ತುತ್ತದೆ. ಬೇಸಾಯದ ಮನೆಯವರಾದರೆ ನಿಮಗೆ ಇದು ಗೊತ್ತೇ ಇದೆ. ಬಿತ್ತನೆ ಭತ್ತವನ್ನು ಉಪ್ಪುನೀರಿಗೆ ಹಾಕಿ, ತೇಲಿದ ಜೊಳ್ಳನ್ನು ತೆಗೆದು, ಮುಳುಗಿದ ಗಟ್ಟಿಕಾಳನ್ನು ತೊಳೆದು ಬಿತ್ತುವುದು ಇದೇ ಲೆಕ್ಕದ ಮೇಲೆ.

3. ಮೂರು ಬಟ್ಟಲ ಹೆಸರುಕಾಳು

ಬೇಕಾಗುವ ಸಾಮಾನು: ಹೆಸರುಕಾಳು, ಮೂರು ಬಟ್ಟಲು, ಹಳೆಯ ಹತ್ತಿ ಬಟ್ಟೆಯ ತುಂಡು.

ಮಾಡುವ ವಿಧಾನ: ಮೂರು ಬಟ್ಟಲಿಗೂ ಹತ್ತು ಹತ್ತು ಕಾಳು ಎಣಿಸಿ ಹಾಕಿ. ಮೊದಲನೆಯದಕ್ಕೆ ನೀರೇ ಬೇಡ. ಎರಡನೆಯದರಲ್ಲಿ ಒದ್ದೆ ಬಟ್ಟೆ ಹಾಸಿ, ಅದು ಒಣಗದಂತೆ ಆಗಾಗ ನೀರು ಚಿಮುಕಿಸಿ. ಮೂರನೆಯದರಲ್ಲಿ ಕಾಳು ಪೂರ್ತಿ ಮುಳುಗುವಂತೆ ನೀರು ತುಂಬಿ. ಮೂರನ್ನೂ ಒಂದೇ ಜಾಗದಲ್ಲಿಡಿ. ಮೂರು ದಿನ ಬೆಳಿಗ್ಗೆ, ಸಂಜೆ ನೋಡಿ ಬರೆಯಬೇಕು.

ಯಾಕೆ ಹೀಗೆ? ಒಣಕಾಳು ಮಲಗಿಯೇ ಇರುತ್ತದೆ. ಒದ್ದೆ ಬಟ್ಟೆಯ ಕಾಳು ಚೆನ್ನಾಗಿ ಮೊಳಕೆಯೊಡೆಯುತ್ತದೆ. ನೀರಲ್ಲಿ ಮುಳುಗಿದ್ದು ಉಬ್ಬಿ, ಸ್ವಲ್ಪ ಬಾಯಿ ಬಿಟ್ಟರೂ ಮುಂದೆ ಬೆಳೆಯದೆ ವಾಸನೆ ಬರುತ್ತದೆ. ಮೊಳಕೆಗೆ ನೀರೂ ಬೇಕು, ಗಾಳಿಯೂ ಬೇಕು. ಮೂರು ಬಟ್ಟಲಲ್ಲಿ ಬೇರೆ ಎಲ್ಲ ಒಂದೇ, ನೀರು ಮಾತ್ರ ಬೇರೆ ಬೇರೆ ಎನ್ನುವುದನ್ನು ಮಗುವಿಗೆ ತೋರಿಸಿ. ದೊಡ್ಡ ವಿಜ್ಞಾನಿಗಳು ಮಾಡುವುದೂ ಹೀಗೇ, ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಾಯಿಸಿ ನೋಡುವುದು. ಆಮೇಲೆ ಇನ್ನಷ್ಟು ಕಾಳು ಮೊಳಕೆ ಕಟ್ಟಿ, ಸೌತೆಕಾಯಿ, ಕಾಯಿತುರಿ, ಇಂಗಿನ ಒಗ್ಗರಣೆ ಹಾಕಿ ಕೋಸಂಬರಿ ಮಾಡಿಬಿಡಿ!

4. ನೆರಳು ಮಾಯವಾಗುವ ದಿನ

ಇದಕ್ಕೆ ಒಂದು ಕೋಲು, ಅಂಗಳದಲ್ಲಿ ಸ್ವಲ್ಪ ಬಿಸಿಲು ಇದ್ದರಾಯಿತು. ಕೋಲನ್ನು ನೆಟ್ಟಗೆ ನಿಲ್ಲಿಸಿ, ಗಂಟೆಗೊಮ್ಮೆ ನೆರಳಿನ ತುದಿಗೆ ರಂಗೋಲಿ ಪುಡಿಯಿಂದ ಚುಕ್ಕಿ ಇಡಿಸಿ. ನೆರಳು ಬೆಳಿಗ್ಗೆ ಉದ್ದ, ಮಧ್ಯಾಹ್ನ ಗಿಡ್ಡ, ಸಂಜೆ ಮತ್ತೆ ಉದ್ದ. ಇದು ಎಲ್ಲರಿಗೂ ಗೊತ್ತು. ಆದರೆ ಕರ್ನಾಟಕದ ಪ್ರತಿ ಊರಿನಲ್ಲೂ ವರ್ಷಕ್ಕೆ ಎರಡು ದಿನ ನಡುಮಧ್ಯಾಹ್ನ ನೆಟ್ಟಗೆ ನಿಂತ ಕೋಲಿಗೆ ನೆರಳೇ ಇರುವುದಿಲ್ಲ ಎಂದು ನಿಮಗೆ ಗೊತ್ತಿತ್ತೇ? ಆ ಕ್ಷಣ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ಬೆಂಗಳೂರು, ಮಂಗಳೂರು ಕಡೆ ಏಪ್ರಿಲ್ 24ರ ಸುಮಾರಿಗೆ ಒಮ್ಮೆ, ಆಗಸ್ಟ್ 18ರ ಸುಮಾರಿಗೆ ಇನ್ನೊಮ್ಮೆ. ಹುಬ್ಬಳ್ಳಿ, ಹೊಸಪೇಟೆ ಕಡೆ ಮೇ ಮೊದಲ ವಾರದಲ್ಲಿ, ಬೀದರಿನ ಕಡೆ ಮೇ ಎರಡನೆಯ ವಾರದಲ್ಲಿ. ಹೊತ್ತು ಹನ್ನೆರಡೂಕಾಲರಿಂದ ಹನ್ನೆರಡೂವರೆಯ ಆಸುಪಾಸು. ಬೇಸಿಗೆ ರಜೆಯಲ್ಲೇ ಬರುತ್ತದೆ, ಕೇರಿಯ ಮಕ್ಕಳನ್ನೆಲ್ಲ ಸೇರಿಸಿ ನೋಡಿ. ನೆರಳು ನೋಡಬೇಕೇ ಹೊರತು ಸೂರ್ಯನನ್ನು ಯಾರೂ ಬರಿಗಣ್ಣಿನಿಂದ ನೋಡಬಾರದು.

ನಾನು ಮಾಡಿದ ತಪ್ಪು

ಈಗ ಆ ಸಂಜೆಯ ಮಾತಿಗೆ ಬರುತ್ತೇನೆ.

ನನ್ನ ಮಗ ಐದನೆಯ ಕ್ಲಾಸು, ಮಗಳು ಮೂರನೆಯ ಕ್ಲಾಸು, ಇಬ್ಬರೂ ಒಂದೇ ಶಾಲೆ. ಇಬ್ಬರಿಗೂ ಒಂದೇ ಪಟ್ಟಿ ಬಂದಿತ್ತು. ಮನೆಯಲ್ಲಿದ್ದ ಸೆಲ್ಲು ಎರಡು. ಎರಡನ್ನೂ ಮಗನ ಕೈಗೆ ಕೊಟ್ಟು, ಅರಿಸಿನ, ನಿಂಬೆಹಣ್ಣು ಮಗಳ ಚೀಲಕ್ಕೆ ಹಾಕಿದೆ. "ಅಮ್ಮಾ, ನಂಗೂ ಸೆಲ್ಲು ಬೇಕು" ಎಂದಳು. "ನಿಂಗ್ಯಾಕೆ ಕರೆಂಟಿನ ಸಹವಾಸ? ಅದೆಲ್ಲ ಅಣ್ಣ ಮಾಡ್ತಾನೆ, ನೀನು ಸುಮ್ನೆ ನೋಡು" ಎಂದೆ. ಆಗ ಅದು ನನಗೆ ತಪ್ಪೆಂದು ಅನ್ನಿಸಲೂ ಇಲ್ಲ. ನಮ್ಮಮ್ಮ ನನಗೆ ಹೇಳಿದ್ದನ್ನೇ ನಾನು ಅವಳಿಗೆ ಹೇಳಿದ್ದೆ.

ಆ ಶನಿವಾರ ಶಾಲೆಗೆ ತಾಯಂದಿರನ್ನೂ ಕರೆದಿದ್ದರು. ಹೋದೆ. ಅರಿಸಿನದ ಕಾಗದ, ಆಲೂಗಡ್ಡೆ ಎಲ್ಲ ಆಯಿತು. ಆಮೇಲೆ ಟೀಚರ್ ಒಬ್ಬೊಬ್ಬ ಮಗುವಿಗೂ ಒಂದು ಸೆಲ್ಲು, ಒಂದು ಪುಟ್ಟ ಬಲ್ಬು, ಗೇಣುದ್ದ ವೈರು ಕೊಟ್ಟು "ಹತ್ತಿಸಿ ನೋಡೋಣ" ಎಂದರು. ಮಕ್ಕಳೆಲ್ಲ ಗಲಾಟೆ ಮಾಡಿಕೊಂಡು ಕೂತವು. ನನ್ನ ಮಗಳು ಮಾತ್ರ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದಳು. ಟೀಚರ್ "ಯಾಕೆ ಪುಟ್ಟಾ?" ಎಂದರು.

"ನಾನು ಮುಟ್ಟಲ್ಲ ಮಿಸ್. ಅಮ್ಮ ನೋಡು ಅಷ್ಟೆ ಅಂದಿದಾರೆ."

ಎಲ್ಲ ತಾಯಂದಿರ ಮುಂದೆ! ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಟೀಚರ್ ಒಂದು ಮಾತೂ ಆಡಲಿಲ್ಲ. ಮಗಳ ಪಾಲಿನ ಸೆಲ್ಲು, ಬಲ್ಬು, ವೈರು ತಂದು ನನ್ನ ಕೈಗೆ ಕೊಟ್ಟರು. "ನೀವೇ ಹತ್ತಿಸಿಕೊಡಿ ಅಮ್ಮ, ಅವಳು ನೋಡಲಿ" ಎಂದರು ನಗುತ್ತಾ.

ನನಗೆ ಹತ್ತಿಸಲು ಬರಲಿಲ್ಲ, ಸೋದರಿಯರೇ. ವೈರಿನ ಒಂದು ತುದಿ ಸೆಲ್ಲಿಗೆ, ಇನ್ನೊಂದು ಬಲ್ಬಿಗೆ ಇಟ್ಟೆ. ಇಲ್ಲ. ತಿರುಗಿಸಿ ಇಟ್ಟೆ. ಇಲ್ಲ. ದಿನಕ್ಕೆ ಇಪ್ಪತ್ತು ಸಲ ಸ್ವಿಚ್ಚು ಒತ್ತುವ ಕೈ ಇದು. ಮಿಕ್ಸಿ, ಫ್ರಿಜ್ಜು, ಇಸ್ತ್ರಿಪೆಟ್ಟಿಗೆ ಎಲ್ಲ ನಡೆಸುವ ಕೈ. ಆದರೆ ಒಂದು ಸೆಲ್ಲು, ಒಂದು ವೈರು ಹಿಡಿದು ದೀಪ ಹತ್ತಿಸಿ ಎಂದು ಯಾರೂ ಯಾವತ್ತೂ ನನಗೆ ಕೊಟ್ಟಿರಲಿಲ್ಲ. ಮಗಳು ಮೆಲ್ಲಗೆ ಬಂದು ಪಕ್ಕದಲ್ಲಿ ಕೂತಳು. ಸ್ವಲ್ಪ ಹೊತ್ತು ನೋಡಿದಳು. "ಅಮ್ಮಾ, ಬಲ್ಬನ್ನ ಸೆಲ್ಲಿನ ಮೂಗಿನ ಮೇಲೆ ನಿಲ್ಸು. ವೈರು ಸೆಲ್ಲಿನ ಕೆಳಗಿಂದ ತಂದು ಬಲ್ಬಿನ ಪಕ್ಕಕ್ಕೆ ಮುಟ್ಸು" ಎಂದಳು. ನಾನು ಸೆಲ್ಲು ಹಿಡಿದೆ, ಅವಳು ವೈರು ಹಿಡಿದಳು. ಹತ್ತಿತು!

ಅವಳ ಮುಖದಲ್ಲಿ ಆಗ ಕಂಡ ಬೆಳಕನ್ನು ನಾನೇ ಮುಚ್ಚಿಟ್ಟಿದ್ದೆ ಎಂದು ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

5. ಒಂದು ಸೆಲ್ಲಿನ ದೀಪ

ಬೇಕಾಗುವ ಸಾಮಾನು: 1.5 ವೋಲ್ಟಿನ ಟಾರ್ಚ್ ಸೆಲ್ಲು 1, ತಂತಿಯಿರುವ ಹಳೇ ನಮೂನೆಯ ಪುಟ್ಟ ಟಾರ್ಚ್ ಬಲ್ಬು 1 (1.5 ವೋಲ್ಟಿನದು ಎಂದು ಕೇಳಿ ತನ್ನಿ), ಎರಡೂ ತುದಿ ಸುಲಿದ ಗೇಣುದ್ದ ವೈರು 2.

ಮಾಡುವ ವಿಧಾನ: ಬಲ್ಬಿನ ಬುಡದಲ್ಲಿ ಒಂದು ಚುಕ್ಕಿ, ಸುತ್ತ ಲೋಹದ ಪಟ್ಟಿ ಇರುತ್ತದೆ. ಕರೆಂಟು ಒಂದರಿಂದ ಒಳಗೆ ಹೋಗಿ ಇನ್ನೊಂದರಿಂದ ಹೊರಗೆ ಬರಬೇಕು. ಆದ್ದರಿಂದ ಚುಕ್ಕಿ ಸೆಲ್ಲಿನ ಒಂದು ತುದಿಗೂ, ಪಟ್ಟಿ ವೈರಿನ ಮೂಲಕ ಇನ್ನೊಂದು ತುದಿಗೂ ಸೇರಬೇಕು. ಸುತ್ತು ಪೂರ್ತಿಯಾದರೆ ಮಾತ್ರ ದೀಪ. ಹತ್ತಿದ ಮೇಲೆ ಆ ಸುತ್ತನ್ನು ಒಂದು ಕಡೆ ಬಿಡಿಸಿ, ಎರಡನೆಯ ವೈರು ಸೇರಿಸಿ, ಮಧ್ಯದಲ್ಲಿ ಬೇರೆ ಬೇರೆ ವಸ್ತು ಇಟ್ಟು ನೋಡಿ: ಸ್ಟೀಲ್ ಚಮಚ, ಪಿನ್ನು, ನಾಣ್ಯ, ಗಾಜಿನ ಬಳೆ, ಪ್ಲಾಸ್ಟಿಕ್ ಬಾಚಣಿಗೆ, ದಾರ. ಯಾವುದರಲ್ಲಿ ದೀಪ ಹತ್ತಿತು, ಯಾವುದರಲ್ಲಿ ಇಲ್ಲ ಎಂದು ಎರಡು ಪಟ್ಟಿ ಮಾಡಿಸಿ. ಎಲೆಕ್ಟ್ರಿಕ್ ಅಂಗಡಿಯವರು ಎಲ್‌ಇಡಿ ಕೊಟ್ಟರೆ ಅದಕ್ಕೆ ಒಂದು ಸೆಲ್ಲು ಸಾಲದು. ಎರಡು ಸೆಲ್ಲು ಸಾಲಾಗಿ ಜೋಡಿಸಬೇಕು, ಅದರ ಉದ್ದದ ಕಾಲು ಸೆಲ್ಲಿನ ಮೂಗಿನ ಕಡೆಗೆ ಬರಬೇಕು.

ಎಚ್ಚರಿಕೆ: ಸೆಲ್ಲಿನ ಎರಡು ತುದಿಯನ್ನು ಬರೀ ವೈರಿನಿಂದ ಸೇರಿಸಿ ಹಿಡಿಯಬಾರದು, ಬಿಸಿಯಾಗುತ್ತದೆ. ಗೋಡೆಯ ಪ್ಲಗ್ಗಿನ ಹತ್ತಿರ ಈ ಪ್ರಯೋಗ ಖಂಡಿತ ಬೇಡ. ಅಲ್ಲಿರುವುದು 230 ವೋಲ್ಟು, ಪ್ರಾಣಕ್ಕೇ ಅಪಾಯ. ಸೆಲ್ಲಿನ ಕರೆಂಟು ಬೇರೆ, ಗೋಡೆಯ ಕರೆಂಟು ಬೇರೆ ಎಂದು ಮಕ್ಕಳಿಗೆ ಮೊದಲೇ ಹೇಳಿ. ಕೈಗಡಿಯಾರದ, ಆಟಿಕೆಯ ಗುಂಡಿಯಂಥ ಸೆಲ್ಲನ್ನು ಚಿಕ್ಕ ಮಕ್ಕಳ ಕೈಗೆ ಕೊಡಲೇಬೇಡಿ. ನುಂಗಿದರೆ ತಕ್ಷಣ ಆಸ್ಪತ್ರೆಗೆ ಓಡಬೇಕಾದೀತು.

ಹೆಣ್ಣುಮಕ್ಕಳಿಗೆ "ನಿನಗ್ಯಾಕೆ" ಎಂದವರು

"ನಿನಗ್ಯಾಕೆ" ಎಂಬ ಮಾತು ನಾನೊಬ್ಬಳೇ ಆಡಿದ್ದಲ್ಲ. 1933ರಲ್ಲಿ ಕಮಲಾ ಸೊಹೊನಿ ಎಂಬ ತರುಣಿ (ಆಗ ಕಮಲಾ ಭಾಗವತ್) ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಲು ಬಂದರು. ಬಿ.ಎಸ್ಸಿ.ಯಲ್ಲಿ ಒಳ್ಳೆಯ ಅಂಕ ಪಡೆದಿದ್ದವರು. ಹೆಣ್ಣು ಎಂಬ ಒಂದೇ ಕಾರಣಕ್ಕೆ ಅವರನ್ನು ಸೇರಿಸಿಕೊಳ್ಳಲು ಒಪ್ಪದಿದ್ದವರು ಯಾರು ಗೊತ್ತೇ? ಆಗ ಆ ಸಂಸ್ಥೆಯ ನಿರ್ದೇಶಕರಾಗಿದ್ದ, ನೊಬೆಲ್ ಬಹುಮಾನ ಪಡೆದ ಸಿ.ವಿ. ರಾಮನ್ ಅವರು! ಕಮಲಾ ಬಿಡಲಿಲ್ಲ. ಹಟ ಹಿಡಿದು ಕೂತರು. ಕೊನೆಗೆ ಮೊದಲ ವರ್ಷ ಪರೀಕ್ಷಾರ್ಥವಾಗಿ ಎಂಬ ಷರತ್ತಿನ ಮೇಲೆ ಒಳಗೆ ಬಿಟ್ಟರು. ಆಕೆಯ ಕೆಲಸ ನೋಡಿದ ಮೇಲೆ ಆ ಬಾಗಿಲು ಬೇರೆ ಹೆಣ್ಣುಮಕ್ಕಳಿಗೂ ತೆರೆಯಿತು. ಆಕೆ ಸಂಶೋಧನೆ ಮಾಡಿದ್ದು ಯಾವುದರ ಮೇಲೆ? ಹಾಲು, ಬೇಳೆಕಾಳುಗಳಲ್ಲಿರುವ ಪ್ರೋಟೀನಿನ ಮೇಲೆ. ನಮ್ಮ ಅಡುಗೆಮನೆಯ ಸಾಮಾನೇ! 1939ರಲ್ಲಿ ಕೇಂಬ್ರಿಜ್‌ನಿಂದ ಪಿಎಚ್.ಡಿ. ಪಡೆದರು. ವಿಜ್ಞಾನದಲ್ಲಿ ಆ ಪದವಿ ಪಡೆದ ಮೊದಲ ಭಾರತೀಯ ಮಹಿಳೆಯರಲ್ಲಿ ಅವರೊಬ್ಬರು. ಮುಂದೆ ಗ್ರಾಹಕರ ಹಿತಕ್ಕಾಗಿಯೂ ದುಡಿದರು.

ಅವರ ಹೆಸರಿನಲ್ಲಿ ನೀವೂ ಮಗಳ ಜೊತೆ ಎರಡು ಪರೀಕ್ಷೆ ಮಾಡಿ. ಒಂದು ಲೋಟ ನೀರಿಗೆ ಕರಿಮೆಣಸು ಹಾಕಿ. ಒಳ್ಳೆಯ ಮೆಣಸು ತಳ ಸೇರುತ್ತದೆ, ಬೆರೆಸಿದ ಒಣ ಪಪ್ಪಾಯಿ ಬೀಜ ತೇಲುತ್ತದೆ. ಇನ್ನೊಂದು ಲೋಟದ ತಣ್ಣೀರಿನ ಮೇಲೆ ಕಾಫಿಪುಡಿ ಉದುರಿಸಿ. ಕಾಫಿ ಸ್ವಲ್ಪ ಹೊತ್ತು ತೇಲುತ್ತದೆ, ಚಿಕೋರಿ ಕಂದುಬಣ್ಣದ ಗೆರೆ ಬಿಡುತ್ತಾ ಕೆಳಗಿಳಿಯುತ್ತದೆ. (ಚಿಕೋರಿ ಎಷ್ಟು ಬೆರೆಸಿದೆ ಎಂದು ಪೊಟ್ಟಣದ ಮೇಲೆ ಬರೆದಿದ್ದರೆ ಅದು ಕಲಬೆರಕೆ ಅಲ್ಲ. ಬರೆಯದೆ ಬೆರೆಸಿದರೆ ಮೋಸ.)

ತಾಯಂದಿರಿಗೆ ನಾಲ್ಕು ಮಾತು

"ನಾನು ಓದಿದ್ದೇ ಎಸ್ಸೆಸ್ಸೆಲ್ಸಿ. ಮಗು ಕೇಳೋದಕ್ಕೆ ನನಗೆಲ್ಲಿ ಉತ್ತರ ಬರುತ್ತೆ?" ಎಂದು ಹಿಂಜರಿಯಬೇಡಿ. "ನಂಗೂ ಗೊತ್ತಿಲ್ಲ ಮರಿ, ಇಬ್ಬರೂ ಮಾಡಿ ನೋಡೋಣ ಬಾ" ಎಂದರೆ ಸಾಕು. ಮಗುವಿನ ದೃಷ್ಟಿಯಲ್ಲಿ ನೀವು ಚಿಕ್ಕವರಾಗುವುದಿಲ್ಲ, ಜೊತೆಗಾರ್ತಿಯಾಗುತ್ತೀರಿ.

ಪ್ರಯೋಗ ಕೆಟ್ಟರೆ ಬೈಯಬೇಡಿ. ಯಾಕೆ ಕೆಟ್ಟಿತು ಎಂದು ಹುಡುಕುವುದೇ ಅರ್ಧ ವಿಜ್ಞಾನ. ಚೆಲ್ಲಿದ್ದನ್ನು ಒರೆಸುವುದು, ಸಾಮಾನು ಜಾಗಕ್ಕೆ ಇಡುವುದು ಮಾತ್ರ ಮಗುವಿನ ಕೆಲಸವೇ ಆಗಿರಲಿ. ಗಂಡುಮಗನೂ ಒರೆಸಲಿ!

ಮೊಬೈಲಿನಲ್ಲಿ ಈಗ ಸಾವಿರ ಪ್ರಯೋಗ ನೋಡಲು ಸಿಗುತ್ತವೆ. ನೋಡಲಿ, ತಪ್ಪಿಲ್ಲ. ಆದರೆ ಊಟದ ಚಿತ್ರ ನೋಡಿದರೆ ಹೊಟ್ಟೆ ತುಂಬುತ್ತದೆಯೇ? ನೋಡಿದ ಹತ್ತರಲ್ಲಿ ಒಂದನ್ನಾದರೂ ಕೈಯಿಂದ ಮಾಡಲಿ. ಬೆಂಕಿ, ಆಸಿಡ್ಡು, ಪಟಾಕಿ ಮದ್ದಿನ ಪ್ರಯೋಗ ಯಾವುದೂ ಮನೆಯಲ್ಲಿ ಬೇಡ.

ರಜೆಯಲ್ಲಿ ನೆಂಟರ ಮನೆಗೆ ಹೋದಾಗ ಹತ್ತಿರದ ವಿಜ್ಞಾನ ಕೇಂದ್ರಕ್ಕೂ ಒಂದು ದಿನ ಇಟ್ಟುಕೊಳ್ಳಿ. ಬೆಂಗಳೂರಿನ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ 1962ರಲ್ಲಿ ಆರಂಭವಾದದ್ದು. ಧಾರವಾಡದಲ್ಲಿ, ಕಲಬುರಗಿಯಲ್ಲಿ, ಮಂಗಳೂರಿನ ಪಿಲಿಕುಳದಲ್ಲೂ ವಿಜ್ಞಾನ ಕೇಂದ್ರಗಳಿವೆ. ಅಲ್ಲಿ ಮಕ್ಕಳು ಒತ್ತಿ, ತಿರುಗಿಸಿ, ಎಳೆದು ನೋಡಬಹುದು. ಇನ್ನು ಫೆಬ್ರವರಿ 28 ರಾಷ್ಟ್ರೀಯ ವಿಜ್ಞಾನ ದಿನ. 1928ರಲ್ಲಿ ಅದೇ ದಿನ ರಾಮನ್ ಪರಿಣಾಮದ ಶೋಧವಾಯಿತು. ಆ ದಿನ ಶಾಲೆಯಲ್ಲಿ ಏನು ಮಾಡುತ್ತೀರಿ ಎಂದು ನೀವೇ ಟೀಚರನ್ನು ಕೇಳಿ. "ನಾವು ನಾಲ್ಕು ಜನ ತಾಯಂದಿರು ಬರ್ತೀವಿ, ಏನು ಸಾಮಾನು ತರೋಣ?" ಎಂದರೆ ಅವರಿಗೂ ಬಲ ಬರುತ್ತದೆ. ನಲವತ್ತು ಮಕ್ಕಳನ್ನು ಒಬ್ಬರೇ ಸುಧಾರಿಸುವುದು ಎಷ್ಟು ಕಷ್ಟವೆಂದು, ಎರಡು ಮಕ್ಕಳನ್ನು ಸುಧಾರಿಸುವ ನಮಗೆ ಗೊತ್ತಿಲ್ಲವೇ?

ನನ್ನ ಮಗಳ ಬಳಿ ಈಗ ಒಂದು ಹಳೇ ಬಿಸ್ಕತ್ತಿನ ಡಬ್ಬಿ ಇದೆ. ಅದರಲ್ಲಿ ಅವಳದೇ ಆದ ಎರಡು ಸೆಲ್ಲು, ಬಲ್ಬು, ವೈರು, ಒಂದು ಕಟ್ಟು ಅರಿಸಿನದ ಪಟ್ಟಿ. ಮೊನ್ನೆ ಕರೆಂಟು ಹೋದಾಗ ಟಾರ್ಚು ಹತ್ತಲಿಲ್ಲ. ಮಗ ಅತ್ತಿತ್ತ ಕುಟ್ಟಿ ನೋಡುತ್ತಿದ್ದ. ಇವಳು ತಿರುಪು ಬಿಚ್ಚಿ, ಒಳಗಿನ ಸ್ಪ್ರಿಂಗಿಗೆ ಹಿಡಿದಿದ್ದ ತುಕ್ಕನ್ನು ಕೆರೆದು ಹಾಕಿದಳು. ಹತ್ತಿತು. "ಸುತ್ತು ಕಡಿದು ಹೋಗಿತ್ತು ಅಮ್ಮಾ" ಎಂದಳು, ಅದೇನೂ ದೊಡ್ಡ ಸಂಗತಿಯಲ್ಲವೆಂಬಂತೆ.

ಆದ್ದರಿಂದ, ಇವತ್ತು ಸಂಜೆ ನಿಮ್ಮ ಮಗು ಸೆರಗು ಹಿಡಿದು ಅರಿಸಿನವೋ ಆಲೂಗಡ್ಡೆಯೋ ಕೇಳಿದರೆ, ಒಲೆ ಸಣ್ಣಗೆ ಮಾಡಿ ಕೊಡಿ. ಸೆಲ್ಲು ಕೇಳಿದರೆ, ಮಗಳಿಗೂ ಒಂದು ಕೊಡಿ.